ಹಿಂದೆ ಬರುವವನ ದೀಪ



ಇಂದಿನ ಚಿಂತನೆಯ ವಿಷಯ ಬ್ರೇಕ್ ಲೈಟು. ನಗಬೇಡಿ, ಬಳಗದ ಯುವಕನೊಬ್ಬ ಕಳಿಸಿದ ಪ್ರಶ್ನೆ ಇದು. ಅವನ ಬೈಕಿನ ಹಿಂದಿನ ಕೆಂಪು ದೀಪ ರಾತ್ರಿ ಸರಿಯಾಗಿಯೇ ಉರಿಯುತ್ತದೆ. ಆದರೆ ಬ್ರೇಕ್ ತುಳಿದರೆ ಬೆಳಕು ಜೋರಾಗುವುದಿಲ್ಲ. ಎರಡು ಸಲ ಬಲ್ಬು ಬದಲಾಯಿಸಿ ಆಯಿತು. ಮನೆಯಲ್ಲಿ ಅಜ್ಜಿ, "ಗಾಡಿಗೆ ಯಾರದ್ದೋ ದೃಷ್ಟಿ ತಾಗಿದೆ, ಒಂದು ಲಿಂಬೆಹುಳಿ ಕಟ್ಟು ಮಗಾ" ಎಂದರಂತೆ. "ಸರ್, ಇದಕ್ಕೆ ಧಮ್ಮದಲ್ಲಿ ಏನಾದರೂ ಪರಿಹಾರ ಉಂಟಾ?" ಎಂದು ತಮಾಷೆಗೆ ಕೇಳಿದ್ದಾನೆ.

ಉಂಟು. ಮೊದಲು ದೀಪದ ವಿಷಯ ನೋಡೋಣ.

ಹೆಚ್ಚಿನ ಹಳೆಯ ಬೈಕುಗಳ ಹಿಂದಿನ ಬಲ್ಬಿನೊಳಗೆ ಎರಡು ಎಳೆಗಳಿವೆ. 5 ವ್ಯಾಟಿನ ಎಳೆ ಹೆಡ್‌ಲೈಟಿನ ಜೊತೆ ಉರಿಯುತ್ತದೆ, 21 ವ್ಯಾಟಿನ ಎಳೆ ಬ್ರೇಕ್ ಹಿಡಿದಾಗ ಮಾತ್ರ. ಆದ್ದರಿಂದಲೇ ಒಂದು ಉರಿದು ಇನ್ನೊಂದು ಉರಿಯದೆ ಇರಬಹುದು. ಮೂರನೆಯ ಬಲ್ಬು ತರಬೇಡ, ಕೀ ತಿರುಗಿಸಿ ಮುಂದಿನ ಬ್ರೇಕನ್ನು ಮಾತ್ರ ಒತ್ತಿ ನೋಡು ಎಂದೆ. ದೀಪ ಜೋರಾಗಿ ಉರಿಯಿತು! ಅಲ್ಲಿಗೆ ಬಲ್ಬು, ಹೋಲ್ಡರು, ಫ್ಯೂಸು, ಬ್ಯಾಟರಿ ಎಲ್ಲವೂ ನಿರಪರಾಧಿಗಳು. ಉಳಿದದ್ದು ಕಾಲಿನ ಪೆಡಲಿನ ಬಳಿ ಇರುವ ಸಣ್ಣ ಸ್ವಿಚ್ಚು. ಪೆಡಲು ಕೆಳಗೆ ಹೋದಾಗ ಒಂದು ತೆಳು ಸ್ಪ್ರಿಂಗು ಅದನ್ನು ಎಳೆಯುತ್ತದೆ. ನಮ್ಮ ಊರಿನ ನಾಲ್ಕು ತಿಂಗಳ ಮಳೆಯ ಕೆಸರೆಲ್ಲ ಹೋಗಿ ಕೂರುವುದು ಅಲ್ಲಿಯೇ.

ಸ್ವಿಚ್ಚನ್ನು ಕೈಯಿಂದ ಎಳೆದಾಗ ದೀಪ ಬಂದರೆ ದೋಷ ಸ್ಪ್ರಿಂಗಿನದು. ಕಳಚಿದ್ದರೆ ಸಿಕ್ಕಿಸಿ, ಸಡಿಲಾಗಿದ್ದರೆ ಸ್ವಿಚ್ಚಿನ ನಟ್ಟು ತಿರುಗಿಸಿ ಸರಿಮಾಡಿ. ಅತಿಯಾಗಿ ಬಿಗಿ ಮಾಡಿದರೆ ದೀಪ ಸದಾ ಉರಿಯುತ್ತಲೇ ಇರುತ್ತದೆ, ಅದೂ ಹಿಂದಿನವನಿಗೆ ಹೇಳುವ ಸುಳ್ಳೇ. ಕೈಯಿಂದ ಎಳೆದರೂ ಬಾರದಿದ್ದರೆ ಸ್ವಿಚ್ಚಿನ ಎರಡು ವಯರುಗಳನ್ನು ಬಿಡಿಸಿ, ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ. ಬೈಕಿನ ಬಾಡಿಗೆ ತಾಗಿಸಬೇಡಿ, ಫ್ಯೂಸು ಹೋದೀತು. ಈಗ ದೀಪ ಬಂದರೆ ಸ್ವಿಚ್ಚು ಕೆಟ್ಟಿದೆ. ಆಗಲೂ ಬಾರದಿದ್ದರೆ ವಯರು ಎಲ್ಲೋ ತುಂಡಾಗಿದೆ, ಇಲ್ಲವೇ ಕೂಡುವ ಜಾಗದಲ್ಲಿ ಕಿಲುಬು ಹಿಡಿದಿದೆ. ನಮ್ಮ ಹುಡುಗನ ಬೈಕಿನಲ್ಲಿ ಸ್ಪ್ರಿಂಗೇ ತುಂಡಾಗಿ ಬಿದ್ದುಹೋಗಿತ್ತು. ಅದರ ಬೆಲೆ ಅವನು ತಂದ ಒಂದು ಬಲ್ಬಿಗಿಂತಲೂ ಕಡಿಮೆ.

ಪಟಿಚ್ಚಸಮುಪ್ಪಾದ ಎಂಬ ಪಾಲಿಯ ಪದ ಕೇಳಿದರೆ ನಮ್ಮಲ್ಲಿ ಹಲವರು ಪುಸ್ತಕ ಮುಚ್ಚುತ್ತಾರೆ. ಅದರ ಮೊದಲ ಪಾಠ ಈ ಪೆಡಲಿನ ಕೆಳಗೇ ಇದೆ. ಯಾವುದೂ ತಾನಾಗಿ ಆಗುವುದಿಲ್ಲ, ಯಾರದ್ದೋ ಮುನಿಸಿನಿಂದಲೂ ಆಗುವುದಿಲ್ಲ. ಒಂದು ಇನ್ನೊಂದನ್ನು ಆಧರಿಸಿ ನಿಂತಿರುತ್ತದೆ. ನಡುವಿನ ಕೊಂಡಿ ತಪ್ಪಿದರೆ ಮುಂದಿನದು ನಿಲ್ಲುತ್ತದೆ, ಆ ಕೊಂಡಿ ಸಿಕ್ಕಿದರೆ ಸರಿಮಾಡಲೂ ಆಗುತ್ತದೆ.

ಅಜ್ಜಿಯನ್ನು ಗೇಲಿ ಮಾಡಬೇಡಿ. ಮೊಮ್ಮಗ ಕ್ಷೇಮವಾಗಿ ಮನೆಗೆ ಬರಲಿ ಎಂಬ ಅವರ ಆಸೆ ನಿಜವಾದದ್ದು. ಆದರೆ ಲಿಂಬೆಹುಳಿ ಕಟ್ಟಿದ ಮೇಲೆ ಸ್ಪ್ರಿಂಗನ್ನು ಯಾರೂ ಬಗ್ಗಿ ನೋಡುವುದಿಲ್ಲ, ಅಪಾಯ ಇರುವುದು ಅಲ್ಲಿ. ನಮ್ಮ ತುಳುನಾಡಿನಲ್ಲಿ ಮನೆಯಲ್ಲೊಂದು ಅಪಘಾತವಾದರೆ ಪ್ರಶ್ನೆ ಇಡಿಸುತ್ತಾರೆ. ಯಾವ ದೈವದ ಮುನಿಸು, ಯಾವ ಪ್ರೇತದ ಬಾಧೆ ಎಂದು ಸಾವಿರಗಟ್ಟಲೆ ಖರ್ಚು ಮಾಡಿ ಕೇಳುತ್ತಾರೆ. ಬ್ರೇಕ್ ಸರಿ ಇತ್ತೇ, ದೀಪ ಉರಿಯುತ್ತಿತ್ತೇ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ.

ನಮ್ಮ ಹಿರಿಯರಿಗೂ ಇಂಥದ್ದೇ ಉತ್ತರ ಕೊಟ್ಟಿದ್ದರು. ಬಾವಿಯ ನೀರು ಯಾಕೆ ಸೇದಬಾರದು? ಚಾವಡಿಗೆ ಯಾಕೆ ಹತ್ತಬಾರದು? ಹಿಂದಿನ ಜನ್ಮದ ಕರ್ಮ! ಕೈಗೆ ಎಟುಕದ ಜಾಗದಲ್ಲಿ ಕಾರಣವನ್ನು ಬಚ್ಚಿಟ್ಟರೆ ರಿಪೇರಿಯ ಮಾತೇ ಏಳುವುದಿಲ್ಲವಲ್ಲ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಮಾಡಿದ್ದು ವಯರು ಹಿಡಿದುಕೊಂಡು ಮೂಲದವರೆಗೆ ಹೋಗುವ ಕೆಲಸ. ಒಟ್ಟಿಗೆ ಉಂಡರೆ ಜಾತಿ ಹೋಗುತ್ತದೆ ಎಂದು ನಂಬಿದ ಸುಧಾರಕರು ಆಗಲೂ ಇದ್ದರು, ಬಲ್ಬು ಮಾತ್ರ ಬದಲಾಯಿಸುವವರು. ಬಾಬಾಸಾಹೇಬರು ಸಹಭೋಜನ ಸಾಲದು ಎಂದರು, ಅಂತರ್ಜಾತಿ ವಿವಾಹ ಬೇಕು ಎಂದರು, ಅಲ್ಲಿಗೂ ನಿಲ್ಲದೆ ಶಾಸ್ತ್ರಗಳು ಪವಿತ್ರ ಎಂಬ ನಂಬಿಕೆಯೇ ಮೂಲ ಎಂದು ತೋರಿಸಿದರು. ಅವರನ್ನು ಅಧ್ಯಕ್ಷತೆಗೆ ಕರೆದಿದ್ದ ಲಾಹೋರಿನ ಮಂಡಳಿ ಅದನ್ನು ಅರಗಿಸಿಕೊಳ್ಳಲಾಗದೆ ಸಮ್ಮೇಳನವನ್ನೇ ರದ್ದು ಮಾಡಿತು. ಮಾಡಲಾಗದ ಆ ಭಾಷಣವೇ ಇಂದು ನಾವು ಓದುವ ಪುಸ್ತಕ.

ಇನ್ನು ಈ ದೀಪ ಯಾರಿಗಾಗಿ ಎಂಬ ಮಾತು. ಹೆಡ್‌ಲೈಟು ನಮಗೆ ದಾರಿ ತೋರಿಸುತ್ತದೆ. ಬ್ರೇಕ್ ಲೈಟಿನಿಂದ ಸವಾರನಿಗೆ ಏನೂ ಕಾಣುವುದಿಲ್ಲ, ಅದಿಲ್ಲದೆಯೂ ಬೈಕು ಓಡುತ್ತದೆ, ನಿಲ್ಲುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಕೆಟ್ಟಿದ್ದರೂ ನಮಗೆ ಗೊತ್ತಾಗುವುದಿಲ್ಲ. ಅದು ಪೂರ್ತಿಯಾಗಿ ಹಿಂದೆ ಬರುವವನಿಗೆ ಸೇರಿದ್ದು. ಬಾಬಾಸಾಹೇಬರ ಮಹಾಪರಿನಿಬ್ಬಾಣದ ನಂತರ 1957ರಲ್ಲಿ ಬೆಳಕು ಕಂಡ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಧಮ್ಮ ಎಂದರೆ ಮನುಷ್ಯ ಮನುಷ್ಯರ ನಡುವಿನ ನ್ಯಾಯವಾದ ನಡತೆ, ಅದು ಸಾಮಾಜಿಕವಾದದ್ದು ಎಂದು ವಿವರಿಸುತ್ತಾರೆ. ಯಾರೂ ಇಲ್ಲದ ರಸ್ತೆಯಲ್ಲಿ ಬ್ರೇಕ್ ಲೈಟಿಗೆ ಕೆಲಸವಿಲ್ಲ. ಹಿಂದೆ ಇನ್ನೊಬ್ಬ ಬಂದ ಕೂಡಲೇ ಅದು ಶೀಲದ ವಿಷಯವಾಗುತ್ತದೆ.

ನಮ್ಮ ಲಾಯಿಲದ ಮೂಲಕ ಹೋಗುವುದು ರಾಷ್ಟ್ರೀಯ ಹೆದ್ದಾರಿ 73. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಮಳೆಗಾಲದಲ್ಲಿ ಹಾಡುಹಗಲೇ ಮಂಜು. ಮುಂದೆ ಹೊಂಡ ಕಂಡು ನೀವು ತಟ್ಟನೆ ಬ್ರೇಕ್ ಹಿಡಿದಿರಿ ಎನ್ನಿ. ಹಿಂದಿನ ಬಸ್ಸಿನ ಚಾಲಕನಿಗೆ ಹೊಂಡ ಕಾಣುವುದಿಲ್ಲ, ನಿಮ್ಮ ಕಾಲೂ ಕಾಣುವುದಿಲ್ಲ. ಆ ಕೆಂಪು ಬೆಳಕು ಜೋರಾದರೆ ಮಾತ್ರ ಅವನಿಗೆ ಸುದ್ದಿ. ಬೈಕಿನ ಹಿಂದಿನ ಸೀಟಿನಲ್ಲಿ ಕೂತವರು ನಮ್ಮ ಹೆಂಡತಿಯೋ ಮಗಳೋ ಆಗಿರುತ್ತಾರೆ. ಡಿಕ್ಕಿ ಮೊದಲು ತಾಗುವುದು ಅವರಿಗೆ.

ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಭಗವಾನ್ ಬುದ್ಧರು ಮಗ ರಾಹುಲನಿಗೆ, ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ಹುಡುಗ. ಹಾಗಾದರೆ ನೀನು ಮಾಡುವುದನ್ನು, ಆಡುವುದನ್ನು, ಯೋಚಿಸುವುದನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೂ ಹಾಗೆಯೇ ನೋಡಿಕೋ, ಅದರಿಂದ ನಿನಗಾಗಲಿ ಇತರರಿಗಾಗಲಿ ನೋವಾಗುತ್ತದೆಯೇ ಎಂದು ಕೇಳಿಕೋ ಎಂಬುದು ಅವರ ಬೋಧನೆ. ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಬೋಧನೆಯನ್ನು ಭಿಕ್ಖುಗಳೂ ಗೃಹಸ್ಥರೂ ಮತ್ತೆ ಮತ್ತೆ ಕೇಳಬೇಕೆಂದು ಸಾಮ್ರಾಟ್ ಅಶೋಕ ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕಿದ ಶಾಸನದಲ್ಲಿ ಬರೆಸಿದ್ದಾನೆ.

ಬೈಕಿಗೂ ಎರಡು ಕನ್ನಡಿಗಳಿವೆ. ಇವತ್ತು ಕತ್ತಲಾದ ಮೇಲೆ ಬೈಕಿನ ಹಿಂಬದಿಯನ್ನು ಮನೆಯ ಗೋಡೆಗೆ ತಿರುಗಿಸಿ ನಿಲ್ಲಿಸಿ. ಮೊದಲು ಮುಂದಿನ ಬ್ರೇಕ್ ಒತ್ತಿ ಬಿಡಿ, ಆಮೇಲೆ ಪೆಡಲು ತುಳಿಯಿರಿ. ಗೋಡೆಯ ಮೇಲಿನ ಕೆಂಪು ಎರಡು ಸಲವೂ ಜೋರಾಗುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿ. ಮಕ್ಕಳನ್ನು ಹಿಂದೆ ನಿಲ್ಲಿಸಿ ಕೂಗಿ ಹೇಳಲು ಬಿಟ್ಟರೂ ಆಯಿತು, ಅವರಿಗೆ ಅದೊಂದು ಆಟ. ಭಾನುವಾರ ವಂದನೆಗೆ ಬರುವವರು ಹತ್ತು ನಿಮಿಷ ಬೇಗ ಬನ್ನಿ, ಒಬ್ಬರ ಬೈಕನ್ನು ಇನ್ನೊಬ್ಬರು ನೋಡೋಣ. ಒಂದೆರಡು ಸ್ಪ್ರಿಂಗು ನನ್ನ ಬಳಿ ಇವೆ.

ನಮೋ ಬುದ್ಧಾಯ. ಜೈ ಭೀಮ್.