ಮಡುವಿನ ವಿಳಾಸ

ಬೆಳಗಾವಿಯ ಆಟೋ ನಗರದಲ್ಲಿ ಗಾಳದ ಹುಚ್ಚಿನವರಿಗೆ ಕೊರತೆ ಇಲ್ಲ. ಲೇತ್, ವೆಲ್ಡಿಂಗ್, ಟಿಂಕರಿಂಗ್ ಅಂತ ವಾರವಿಡೀ ಕಬ್ಬಿಣದ ಸದ್ದಿನೊಳಗೆ ಇರುವವರಿಗೆ ರಜೆಯ ದಿನವಾದರೂ ನೀರಿನ ದಂಡೆ ಬೇಕೆನಿಸುವುದು ಸಹಜ. ಮರುದಿನ ಚಹಾದಂಗಡಿ ಮುಂದೆ ಮೊಬೈಲಿನಲ್ಲಿ ಮೀನಿನ ಫೋಟೊ ಕೈಯಿಂದ ಕೈಗೆ ಹೋಗುತ್ತದೆ. "ಎಲ್ಲಿ ಸಿಕ್ತ್ರಿ ಮಾಮಾ, ಇಷ್ಟ ದೊಡ್ಡದು?" ಎಂದು ಹುಡುಗರು ಕೇಳುತ್ತಾರೆ. "ಅಲ್ಲೇ, ಖಾನಾಪುರ ಕಡಿಗೆ" ಎಂದು ಉತ್ತರ ಬರುತ್ತದೆ. ಕಣಕುಂಬಿ, ಜಾಂಬೋಟಿ, ನಂದಗಡ, ನಾಗರಗಾಳಿ ಎಲ್ಲವೂ ಖಾನಾಪುರ ಕಡೆಯೇ. ಅಷ್ಟು ಹೇಳಿದರೆ ಏನೂ ಹೇಳದಂತೆಯೇ.

ಇದನ್ನು ಹೊಟ್ಟೆಕಿಚ್ಚು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಗಂತ ಗುಟ್ಟು ಗುಟ್ಟಾಗಿಯೇ ಉಳಿಯಲಿ ಅನ್ನುವ ಪೈಕಿಯೂ ನಾನಲ್ಲ. ಜಾಗ ಹೇಳಬೇಕು. ಆದರೆ ಯಾವಾಗ ಹೇಳುತ್ತೇವೆ, ಅದರ ಜೊತೆಗೆ ಇನ್ನೇನು ಹೇಳುತ್ತೇವೆ ಅನ್ನುವುದರ ಮೇಲೆ ಆ ನೀರಿನ ಹಣೆಬರಹ ನಿಂತಿದೆ.

ಜಾಗ ಹುಡುಕುವುದು ಒಂದು ವಿದ್ಯೆ. ಅದನ್ನು ಎಷ್ಟು ಜನಕ್ಕೆ ಕಲಿಸಿದರೂ ನಷ್ಟವಿಲ್ಲ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಹಬ್ಬನಹಟ್ಟಿಯ ಹನುಮಪ್ಪನ ಗುಡಿಯ ಪಕ್ಕ ಹಾದು, ಅಸೋಗಾ, ಖಾನಾಪುರದ ಕಡೆ ಬರುವಾಗ ಬಂಡೆಗಳ ನಡುವೆ ತಿರುಗಿ ತಿರುಗಿ ಹರಿಯುತ್ತಾಳೆ. ರಭಸದ ನೀರೂ ನಿಂತ ನೀರೂ ಕೂಡುವ ಗೆರೆಯನ್ನು ಗುರುತಿಸಿ. ಮೀನು ಆ ಗೆರೆಯ ಒಳಬದಿಯಲ್ಲಿ, ಬಂಡೆಯ ಮರೆಯಲ್ಲಿ ನಿಂತಿರುತ್ತದೆ. ಅಲ್ಲಿ ಅದಕ್ಕೆ ಈಜುವ ದಣಿವಿಲ್ಲ, ತಿನಿಸು ತಾನಾಗಿ ತೇಲಿ ಬರುತ್ತದೆ. ದಂಡೆಯ ಅತ್ತಿಯೋ ನೇರಳೆಯೋ ನೀರಿನ ಮೇಲೆ ಬಾಗಿದ್ದರೆ, ಹಣ್ಣು ಉದುರುವ ದಿನಗಳಲ್ಲಿ ಕೆಳಗೆ ಮೀನು ಕಾದಿರುತ್ತದೆ. ಕೆರೆಯ ಲೆಕ್ಕ ಬೇರೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ. ಗೆಂಡೆ ಕೆಸರು ಕೆದಕುವಾಗ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಕೊರವ, ಖಾನಾಪುರದ ಮರಾಠಿ ಮನೆಗಳ ಮರಳ, ಆಗಾಗ ಗಾಳಿ ಗುಟುಕರಿಸಲು ಮೇಲೆ ಬಂದು ನೀರನ್ನು ಕಲಕಿ ಹೋಗುತ್ತದೆ. ಗಾಳ ಬಿಚ್ಚುವ ಮೊದಲು ಅರ್ಧ ತಾಸು ಸುಮ್ಮನೆ ಕುಳಿತು ನೋಡುವವನಿಗೆ ಯಾರ ವಿಳಾಸವೂ ಬೇಕಾಗುವುದಿಲ್ಲ.

ಈ ಕಲಿಕೆ ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ತಿನಿಸು ಹಾಕಬೇಕು, ಗಾಳ ಹೇಗಿರಬೇಕು ಎಂದು ಅಲ್ಲಿ ಹೇಳಿದೆ. ಅರಮನೆಯ ಆಟವನ್ನು ಅಷ್ಟು ವಿವರವಾಗಿ ಬರೆದಿಟ್ಟ ಆ ದೊರೆಯ ಮೇಲೆ ನನಗೆ ಬಹಳ ಗೌರವ.

ಬರೀ ವಿಳಾಸದ ಮಾತು ಹಾಗಲ್ಲ. ಕಾರ್ತಿಕದಲ್ಲಿ ಹೇಳಿದ ವಿಳಾಸ ಬೇರೆ, ವೈಶಾಖದಲ್ಲಿ ಹೇಳಿದ ಅದೇ ವಿಳಾಸ ಬೇರೆ. ಮಳೆಗಾಲ ಮುಗಿದ ಮೇಲೆ ನದಿ ತುಂಬಾ ನೀರಿರುತ್ತದೆ, ಮೀನು ಹರಡಿಕೊಂಡಿರುತ್ತದೆ. ನಾಲ್ಕು ಜನ ಬಂದು ನಾಲ್ಕು ಮೀನು ಒಯ್ದರೆ ನದಿಗೆ ತಿಳಿಯುವುದೂ ಇಲ್ಲ. ಬೇಸಿಗೆ ಬಂತೆಂದರೆ ಮೇಲಿನ ಮಲಪ್ರಭೆ ಸೊರಗಿ, ಅಲ್ಲಲ್ಲಿ ಒಂದೊಂದು ಮಡುವಾಗಿ ಉಳಿಯುತ್ತದೆ. ಆ ಹರವಿನ ಮೀನೆಲ್ಲ ಆ ಮಡುವಿಗೆ ಇಳಿದು ಮಳೆಯ ದಾರಿ ಕಾಯುತ್ತದೆ. ಮುಂದಿನ ವರ್ಷದ ಸಂತಾನಕ್ಕೆ ಅದೇ ಬಿತ್ತನೆ ಕಾಳು. ಏಪ್ರಿಲ್, ಮೇ ತಿಂಗಳಲ್ಲಿ ಮಡುವಿನ ಜಾಗವನ್ನು ಹತ್ತು ಜನಕ್ಕೆ ಹೇಳುವುದೆಂದರೆ ಇಡೀ ನದಿಯನ್ನೇ ಹರಾಜಿಗೆ ಇಟ್ಟಂತೆ. ಬಲೆಯವರು, ಬ್ಯಾಟರಿಯಿಂದ ಕರೆಂಟ್ ಬಿಡುವವರು, ತೋಟೆ ಸಿಡಿಸುವವರು ಇಂಥ ಮಡುಗಳನ್ನೇ ಹುಡುಕುತ್ತಿರುತ್ತಾರೆ.

ಇನ್ನೊಂದು ಹೊತ್ತು ಮೊದಲ ಮಳೆಯದು. ಜೂನಿನಲ್ಲಿ ಕೆಂಪು ನೀರು ಇಳಿದು ಹಳ್ಳ ಉಕ್ಕಿದ ಕೂಡಲೇ ತತ್ತಿ ತುಂಬಿದ ಮೀನು ಹೊಳೆ ಬಿಟ್ಟು ಹಳ್ಳಕ್ಕೆ, ಹಳ್ಳ ಬಿಟ್ಟು ಗದ್ದೆಗೆ ಏರುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುವುದು ಇದಕ್ಕೇ. ಗದ್ದೆಯ ಬದುವಿನಲ್ಲಿ ಕೂಳಿ ಇಟ್ಟು ಒಂದು ಹೊತ್ತಿನ ಸಾರಿಗಾಗುವಷ್ಟು ಹಿಡಿಯುವ ಹಳ್ಳಿಯ ರೂಢಿಯನ್ನು ನಾನು ಬೈಯುವುದಿಲ್ಲ. ಅದು ಅವರ ಹೊಲ, ಅವರ ಹಳ್ಳ, ಅವರ ಮಳೆ. ಆದರೆ ಆ ಹಳ್ಳದ ವಿಡಿಯೋ ಊರು ದಾಟಿ, ಮರುದಿನ ಸಾಲುಸಾಲು ಬೈಕು ಬಂದು ನಿಂತರೆ ಲೆಕ್ಕ ತಪ್ಪುತ್ತದೆ. ಒಂದು ರೋಹು ತನ್ನ ತೂಕದ ಕಿಲೋ ಒಂದಕ್ಕೆ ಲಕ್ಷಗಟ್ಟಲೆ ತತ್ತಿ ಇಡುತ್ತದೆ. ಮಹಶೀರ್ ಇಡುವುದು ಕೆಲವೇ ಸಾವಿರ. ತತ್ತಿ ಇಡುವ ಮೊದಲೇ ಹಿಡಿದ ಮಹಶೀರ್ ಬದಲಿಗೆ ಇನ್ನೊಂದು ಬರಲು ವರ್ಷಗಳೇ ಬೇಕು. ಕೊರವನದು ಇನ್ನೂ ಮನ ಕಲಕುವ ವಿಷಯ. ಅದರ ಕೆಂಪು ಮರಿಗಳು ಒಂದೇ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಓಡಾಡುತ್ತವೆ, ತಾಯಿತಂದೆ ಕೆಳಗೇ ಕಾವಲಿರುತ್ತವೆ. ಮರಿಗಳ ನಡುವೆ ಗಾಳ ಎಸೆದರೆ ಕಾವಲಿನ ಮೀನು ಸಿಟ್ಟಿನಿಂದ ಬಂದು ಕಚ್ಚುತ್ತದೆ. ಅಂಥ ಜಾಗವನ್ನು 'ಗ್ಯಾರಂಟಿ ಸ್ಪಾಟ್' ಎಂದು ಹಂಚುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿಡಿದದ್ದು ಒಂದು, ಅನಾಥವಾದದ್ದು ನೂರಾರು.

ಹಾಗಾದರೆ ಎಲ್ಲವನ್ನೂ ಮುಚ್ಚಿಡಬೇಕೇ? ಬೆಳ್ತಂಗಡಿ ತಾಲೂಕಿನ ಶಿಶಿಲ, ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಇವುಗಳ ವಿಳಾಸ ನಾಡಿಗೆಲ್ಲ ಗೊತ್ತು. ದೊಡ್ಡ ದೊಡ್ಡ ಮೀನು ಕಾಲ ಬಳಿ ಬಂದು ಅಕ್ಕಿ ತಿನ್ನುತ್ತವೆ, ಯಾರೂ ಮುಟ್ಟುವುದಿಲ್ಲ. ಅಲ್ಲಿ ಜಾಗದ ಹೆಸರು ಕೇಳುವಾಗಲೇ ಅದು ದೇವರ ಮೀನು ಎಂಬ ಕಟ್ಟಳೆಯೂ ಕಿವಿಗೆ ಬೀಳುತ್ತದೆ. ಆ ಕಟ್ಟಳೆಯನ್ನೂ ಮುರಿಯುವವರಿದ್ದಾರೆ. 1996ರಲ್ಲಿ ಶಿಶಿಲದ ನೀರಿಗೆ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತವು. ಆದರೂ ಊರವರು ಕಾವಲು ಬಿಡಲಿಲ್ಲ, ಇವತ್ತಿಗೂ ಅಲ್ಲಿ ಮೀನಿದೆ. ಮೀನು ಹಿಡಿಯುವವರಲ್ಲೂ ಇಂಥ ಕಾಳಜಿಯವರು ಇದ್ದರು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಪುಸ್ತಕವನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿದರು. ಮೀನು ಹಿಡಿಯುವ ಉಪಾಯ ಕಲಿಸಿದ ಅವರೇ, ಹೊಳೆಗೆ ವಿಷ ಹಾಕುವುದನ್ನೂ ಮರಿಮೀನು ಬಾಚುವ ಸಣ್ಣ ಕಣ್ಣಿನ ಬಲೆಯನ್ನೂ ತಡೆಯಬೇಕೆಂದು ವಾದಿಸಿದವರು. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದನ್ನೂ ವಿಷವನ್ನೂ ಅಪರಾಧವೆಂದು ಹೇಳಿ ಒಂದೂಕಾಲು ಶತಮಾನವೇ ಆಗಿಹೋಗಿದೆ.

ಆದ್ದರಿಂದ ಗ್ಯಾರೇಜಿನ ಹುಡುಗರು ಕೇಳಿದರೆ ನಾನು ಹೇಳಿಯೇ ಹೇಳುತ್ತೇನೆ. ರಕ್ಕಸಕೊಪ್ಪದ ಕಡೆ ಹೋಗಬೇಡಿ, ಅದು ನಮ್ಮ ಊರು ಕುಡಿಯುವ ನೀರು. ಭೀಮಗಡದ ಒಳಗಿನ ಹೊಳೆಗಳಿಗೂ ಬೇಡ, 2011ರಿಂದ ಅದು ವನ್ಯಜೀವಿಧಾಮ. ಮಳೆಗಾಲದಲ್ಲಿ ಬಂಡೆಯ ಮೇಲೆ ಕೂರಬೇಡಿ, ಮೇಲೆ ಘಟ್ಟದಲ್ಲಿ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ನೀರು ಏರಿಸುತ್ತದೆ. ದೀಪಾವಳಿ ಮುಗಿದು ನೀರು ತಿಳಿಯಾದ ಮೇಲೆ ಹಿಡಕಲ್ ಹಿನ್ನೀರಿಗೆ ಹೋಗಿ. ಪರವಾನಗಿ ಏನು ಬೇಕೆಂದು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಹಳ್ಳಿಯ ಕೆರೆಯಾದರೆ ಗುತ್ತಿಗೆ ಯಾರದೆಂದು ಪಂಚಾಯಿತಿಯಲ್ಲಿ ಕೇಳಿ. ಅಲ್ಲಿನ ಮರಿಯನ್ನು ಅವರು ಹಣ ಕೊಟ್ಟು ಬಿಟ್ಟಿರುತ್ತಾರೆ, ಕೇಳದೆ ಹಿಡಿದರೆ ಅದು ಕಳವು. ಚಿಕ್ಕ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಹರಿದ ತಂಗೂಸಿಯನ್ನು ದಂಡೆಯಲ್ಲಿ ಬಿಡದೆ ಜೇಬಿಗೆ ಹಾಕಿಕೊಂಡು ಬನ್ನಿ, ಅದು ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.