ಹಾಯುವ ಎತ್ತಿನ ಯಜಮಾನನು



ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾದ ಒಂದು ನ್ಯಾಯವಿಧಿಯುಂಟು. ಎತ್ತು ಮೊದಲನೆಯ ಸಾರಿ ಮನುಷ್ಯನನ್ನು ಹಾದು ಕೊಂದರೆ ಯಜಮಾನನು ನಿರಪರಾಧಿ. ಆದರೆ ಅದು ಹಾಯುವದೆಂದು ಮೊದಲೇ ತಿಳಿದಿದ್ದರೂ ಅವನು ಕಟ್ಟದೆ ಬಿಟ್ಟಿದ್ದರೆ ಆ ಮರಣದ ದೋಷವು ಅವನ ತಲೆಯ ಮೇಲೆಯೂ ಬರುವದು. ದನ ಸಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೇಳಿರಿ. ಶಿರಸಿಯಲ್ಲಿ ಮದುವೆಯ ಊಟ. ಹಿತ್ತಲ ಮರೆಯಲ್ಲಿ ಸೀಸೆ. ರಾತ್ರಿ ಒಬ್ಬ ಸಹೋದರನು ಬೈಕಿನ ಮೇಲೆ ಬನವಾಸಿಗೆ ಹೊರಡುವನು. ಹಿಂದೆ ಹೆಂಡತಿ, ಮುಂದೆ ಕೂಸು. ಅವನ ನಾಲಿಗೆ ತೊದಲುವದನ್ನು ಹತ್ತು ಮಂದಿ ಕೇಳುವರು, ಒಬ್ಬನೂ ಕೀಲಿಕೈ ಕೇಳನು. ಸ್ವಲ್ಪವೇ ಕುಡಿದಿದ್ದಾನೆ, ದಾರಿ ಪರಿಚಯದ್ದು ಅನ್ನುವರು. ದಾಕ್ಷಿಣ್ಯದಿಂದ ಸುಮ್ಮನಿದ್ದ ಆ ಹತ್ತು ಮಂದಿಯಲ್ಲಿ ಒಂದು ಸಾರಿ ನಾನೂ ಇದ್ದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಗಾಡಿಯವನು ಕುಡಿದು ಮಲಗಿದರೂ ಎತ್ತುಗಳು ಅವನನ್ನು ಮನೆಗೆ ಮುಟ್ಟಿಸುತ್ತಿದ್ದವು. ಯಾಕಂದರೆ ಅವು ಕುಡಿದದ್ದು ನೀರು. ಯಂತ್ರಕ್ಕೆ ಮನೆಯ ದಾರಿ ತಿಳಿಯದು. ಕುಡಿದವನ ಕಣ್ಣು ತಿರುವನ್ನು ಕಂಡರೂ ಕೈ ತಡವಾಗಿ ಏಳುವದು. ಗಾಂಜಾ ಸೇದಿದವನೂ ನಿದ್ರೆಯ ಮಾತ್ರೆ ನುಂಗಿದವನೂ ಹೀಗೆಯೇ.

2025ರ ಜನವರಿ 22ರಂದು ಯಲ್ಲಾಪುರದ ಘಟ್ಟದಲ್ಲಿ ತರಕಾರಿ ಹಣ್ಣುಗಳ ಲಾರಿ ಕಂದಕಕ್ಕೆ ಬಿದ್ದು, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ಹತ್ತು ಮಂದಿ ಸತ್ತರು. ಅಲ್ಲಿ ಕುಡಿತವಿತ್ತೆಂದು ನಾನು ಹೇಳುವದಿಲ್ಲ. ಬರಿಯ ಘಟ್ಟವೇ ಇಷ್ಟು ಕ್ರೂರವಾಗಿರುವಾಗ ಅಮಲನ್ನೂ ಕೂಡಿಸಿಕೊಂಡು ಇಳಿಯುವವನಿಗೆ ಏನನ್ನೋಣ?

ದೇಶದ ಕಾನೂನೂ ಮೋಶೆಯ ಮಾತನ್ನು ಬಲಪಡಿಸುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನ ಪ್ರಕಾರ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡಿಸುವವನೂ ನಡಿಸಲು ಯತ್ನಿಸುವವನೂ ಅಪರಾಧಿ. ಮಾದಕ ಪದಾರ್ಥದಿಂದ ಹಿಡಿತ ತಪ್ಪಿದವನೂ ಹಾಗೆಯೇ. 2019ರ ತಿದ್ದುಪಡಿಯಂತೆ ಮೊದಲ ಸಾರಿ ಆರು ತಿಂಗಳ ವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿದರೆ ಎರಡು ವರ್ಷದ ವರೆಗೆ ಸೆರೆ, 15,000 ದಂಡ. ಇದು ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು 188ನೆಯ ಕಲಮು: ಈ ಅಪರಾಧಕ್ಕೆ ಪ್ರೇರಿಸಿ ನೆರವಾದವನಿಗೂ ಅದೇ ಶಿಕ್ಷೆ. ಕುಡಿಸಿ, ಬೆನ್ನು ತಟ್ಟಿ, ಬೈಕನ್ನು ಅವನ ಕೈಗೊಪ್ಪಿಸಿದ ಮಿತ್ರನೇ, ನಿನ್ನ ಎತ್ತು ಎಲ್ಲಿದೆ?

ಮಜ್ಜಿಗೆ, ನಿಂಬೆಹಣ್ಣು, ತಣ್ಣೀರಿನ ಸ್ನಾನ, ಇವು ಯಾವವೂ ಅಮಲನ್ನು ಬೇಗ ಇಳಿಸವು. ರಕ್ತದೊಳಗಿನ ಮದ್ಯವನ್ನು ಪಿತ್ತಕೋಶವಲ್ಲ, ಯಕೃತ್ತೇ ತನ್ನ ನಿಧಾನದಲ್ಲಿ ಕರಗಿಸಬೇಕು. ರಾತ್ರಿ ಬಹಳ ಕುಡಿದವನಲ್ಲಿ ಮುಂಜಾನೆಯೂ ಅದು ಉಳಿದಿರುವದುಂಟು. ಆದದರಿಂದ ಜಗಲಿಯಲ್ಲಿ ಚಾಪೆ ಹಾಸಿರಿ. ಕೀಲಿಕೈಯನ್ನು ಮನೆಯ ಅಜ್ಜಿಯು ಅಕ್ಕಿಯ ಡಬ್ಬದಲ್ಲಿಡಲಿ. ಅವನು ಬೈದರೆ ಬೈಯಲಿ. ಹೊತ್ತು ಚೆನ್ನಾಗಿ ಏರಿದ ಮೇಲೆ ಗಂಜಿ ಬಡಿಸಿ, ಹೆಂಡತಿ ಕೂಸುಗಳ ಮುಂದೆ ಅದನ್ನು ಅವನ ಕೈಗೆ ಕೊಡಿರಿ.