ನೆರೆಯವನೊಡನೆ ಉಣ್ಣುವ ಪಸ್ಕ

(ವಿಮೋಚನಕಾಂಡ 12ನೆಯ ಅಧ್ಯಾಯ, 1ರಿಂದ 14ನೆಯ ವಚನಗಳನ್ನು ಓದಿರಿ.)

ಮೊದಲನೆಯ ಪಸ್ಕವು ದೇವಾಲಯದಲ್ಲಿ ನಡೆಯಲಿಲ್ಲ. ಐಗುಪ್ತದಲ್ಲಿ ದಾಸರಾಗಿದ್ದವರ ಮನೆಗಳಲ್ಲಿ ನಡೆಯಿತು. ಅವರು ಬಾಗಲಿನ ಕಂಬಗಳಿಗೆ ರಕ್ತವನ್ನು ಹಚ್ಚಿ, ಬೆಳಗಾಗುವ ತನಕ ಹೊರಗೆ ಹೊರಡದೆ, ಕುರಿಯ ಮಾಂಸವನ್ನು ಹುಳಿಯಿಲ್ಲದ ರೊಟ್ಟಿಯ ಸಂಗಡಲೂ ಕಹಿಯಾದ ಪಲ್ಯದ ಸಂಗಡಲೂ ಉಂಡರು. ರೊಟ್ಟಿಗೆ ಹುಳಿ ಯಾಕಿರಲಿಲ್ಲ? ನಮ್ಮ ತಾಯಂದಿರು ಇದನ್ನು ಚೆನ್ನಾಗಿ ಬಲ್ಲರು. ಉದ್ದಿನ ದೋಸೆಯ ಹಿಟ್ಟು ಹುಳಿ ಬರುವದಕ್ಕೆ ಒಂದು ಇರುಳು ಬೇಕು. ನೀರುದೋಸೆಯ ಹಿಟ್ಟು ಕಾಯಬೇಕಾಗಿಲ್ಲ. ಆ ರಾತ್ರಿಯಲ್ಲೇ ಹೊರಡಬೇಕಾದವರಿಗೆ ಕಾಯುವ ಹೊತ್ತು ಎಲ್ಲಿಯದು? ಆದಕಾರಣ ಹುಳಿಯಿಲ್ಲದ ರೊಟ್ಟಿಯು ಬಿಡುಗಡೆಯ ಅವಸರಕ್ಕೂ, ಪಲ್ಯದ ಕಹಿಯು ದಾಸತ್ವದ ದುಃಖಕ್ಕೂ ಗುರುತಾದವು. ದೇವರು ಹಬ್ಬದ ಊಟದಿಂದ ಕಹಿಯನ್ನು ತೆಗೆದುಹಾಕಲಿಲ್ಲ. ದುಃಖವುಳ್ಳವನು ಆ ದುಃಖವನ್ನು ಅಡಗಿಸದೆ ಆತನ ಪಂಕ್ತಿಯಲ್ಲಿ ಕೂತುಕೊಳ್ಳಬಹುದು.

2020ನೆಯ ಇಸವಿಯನ್ನು ನಾವು ಮರೆತಿಲ್ಲ. ಮಾರ್ಚ್ 25ರಿಂದ ದೇಶವೆಲ್ಲಾ ಮುಚ್ಚಿತ್ತು. ಏಪ್ರಿಲ್ 9ರಂದು, ಶುಭ ಶುಕ್ರವಾರದ ಮುಂಚಿನ ಗುರುವಾರ ಬಂದಾಗ, ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಸಭೆ ಕೂಡುವದಕ್ಕೆ ಅಪ್ಪಣೆ ಇರಲಿಲ್ಲ; ಕೂಲಿಯವರಿಗೆ ಕೂಲಿ ಇರಲಿಲ್ಲ. ಮನೆಯ ಗಂಜಿಯೇ ಹಬ್ಬದ ಊಟವಾಯಿತು. ಆದರೂ ಮನೆಯಲ್ಲಿ ಮೊದಲಾದ ಹಬ್ಬವು ಮನೆಗೆ ತಿರಿಗಿ ಬಂದಾಗ ಏನೂ ಕುಂದಲಿಲ್ಲ.

ಆ ಅಧ್ಯಾಯದ 4ನೆಯ ವಚನವನ್ನು ನಾವು ಬಹಳ ಸಾರಿ ದಾಟಿಹೋಗುತ್ತೇವೆ. ಒಂದು ಕುರಿಯನ್ನು ತಿಂದು ಮುಗಿಸಲಾರದಷ್ಟು ಚಿಕ್ಕ ಸಂಸಾರವು ಹತ್ತಿರದ ನೆರೆಯವನನ್ನು ಕೂಡಿಸಿಕೊಳ್ಳಬೇಕೆಂದು ಅಲ್ಲಿ ಅಪ್ಪಣೆ ಉಂಟು. ಯಾವ ಮನೆಯೂ ಚಿಕ್ಕದಾಗಿರುವದರಿಂದ ಪಸ್ಕಕ್ಕೆ ಹೊರತಾಗಬಾರದು.

ಕೇರಳದಿಂದ ಬಂದು ನಮ್ಮ ಸೀಮೆಯಲ್ಲಿ ನೆಲೆಸಿದ ಸುರಿಯಾನಿ ಕ್ರೈಸ್ತರ ಪದ್ಧತಿಯನ್ನು ನೋಡಿರಿ. ಅವರ ಪೆಸಹಾ ಎಂಬ ಮಾತು ನಮ್ಮ ಪಸ್ಕವೇ. ಆ ಗುರುವಾರ ರಾತ್ರಿ ಅವರು ಅಕ್ಕಿಹಿಟ್ಟಿನಿಂದ ಹುಳಿಬಾರದ ಅಪ್ಪವನ್ನು ಬೇಯಿಸಿ, ಗರಿಯ ಶಿಲುಬೆಯನ್ನು ಅದರ ಮೇಲಿಟ್ಟು, ಬೆಲ್ಲವೂ ತೆಂಗಿನ ಹಾಲೂ ಕೂಡಿದ ಪಾನಕದೊಡನೆ ಹಂಚುತ್ತಾರೆ. ಮನೆಯ ಹಿರಿಯನು ಪ್ರಾರ್ಥಿಸಿ, ಮುರಿದು, ಎಲ್ಲರಿಗೂ ಕೊಡುತ್ತಾನೆ. ಆ ವರುಷದಲ್ಲಿ ಸಾವು ಸಂಭವಿಸಿದ ಮನೆಯವರು ಅಪ್ಪವನ್ನು ಮಾಡುವದಿಲ್ಲ. ನೆರೆಯವರು ಮಾಡಿ ತಂದುಕೊಡುತ್ತಾರೆ. ಒಲೆ ಹೊತ್ತಿಸುವ ಮನಸ್ಸಿಲ್ಲದ ಮನೆಗೂ ಪಸ್ಕವು ಹೀಗೆ ತಪ್ಪದೆ ಮುಟ್ಟುತ್ತದೆ.

ಅಪ್ಪದಿಂದ ರಕ್ಷಣೆಯಾಗುತ್ತದೆಂದು ನಾವು ಹೇಳುವದಿಲ್ಲ. ಮನೆಯ ಊಟವು ಕರ್ತನ ಭೋಜನವೂ ಅಲ್ಲ. ನಮ್ಮ ಪಸ್ಕದ ಕುರಿಯು ಕ್ರಿಸ್ತನೇ. ಆತನು ಒಂದೇ ಸಾರಿ ಎಲ್ಲರಿಗೋಸ್ಕರ ಕೊಯ್ಯಲ್ಪಟ್ಟನು. ಆದರೆ ಆತನ ಹೆಸರಿನಲ್ಲಿ ಉಣ್ಣುವವರು ಪಕ್ಕದ ಮನೆಯ ಹಸಿವನ್ನು ಕಾಣದೆ ಇರಬಹುದೇ? ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಮತ್ತೊಬ್ಬನು ತೃಪ್ತಿಯಾಗಿ ಉಂಡದ್ದಕ್ಕೆ ಪೌಲನು ಅವರನ್ನು ಗದರಿಸಿದನು.

ಆದದರಿಂದ ಪ್ರಿಯರೇ, ಈ ಸಾರಿ ಹಬ್ಬದ ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಇನ್ನೊಂದು ಹಿಡಿಯನ್ನು ಕೂಡಿಸಿರಿ. ವಿಧವೆಯ ಮನೆ, ಸಾಲದಲ್ಲಿ ಸಿಕ್ಕಿದವನ ಮನೆ, ಮಕ್ಕಳು ದೂರದ ಊರಿಗೆ ಹೋಗಿರುವ ಮುದುಕರ ಮನೆ, ಇವುಗಳಲ್ಲಿ ನಿಮಗೆ ಹತ್ತಿರದ್ದು ಯಾವದು? ಕತ್ತಲಾಗುವ ಮುಂಚೆ ಅಲ್ಲಿಗೆ ಹೋಗಿ ಕರೆಯಿರಿ. ಬರಲಾರದವರಿಗೆ ಬುತ್ತಿಯನ್ನು ಒಯ್ಯಿರಿ. ನಮಗೋಸ್ಕರ ತನ್ನನ್ನು ಕೊಟ್ಟ ಕರ್ತನು ನಿಮ್ಮ ಒಲೆಯನ್ನೂ ಪಂಕ್ತಿಯನ್ನೂ ಆಶೀರ್ವದಿಸಲಿ. ಆಮೆನ್.